ಆರದ ಕೆಂಪು ದೀಪ

ಬಹಳ ಬಹಳ ಹಿಂದೆ ಕಾರುಗಳಿಗೆ ಗಂಟಲು ಮಾತ್ರ ಇತ್ತಂತೆ, ಮುಖ ಇರಲಿಲ್ಲವಂತೆ. ಒಳಗೆ ನೋವಾದರೆ ಅವು ನರಳುತ್ತಿದ್ದವು, ಕೆಮ್ಮುತ್ತಿದ್ದವು, ಹೊಗೆ ಕಾರುತ್ತಿದ್ದವು. ಆಮೇಲೆ ಯಾರೋ ಅವಕ್ಕೆ ಗಾಜಿನ ಮುಖ ಕೊಟ್ಟರು. ಅಂದಿನಿಂದ ಅವು ತಮ್ಮ ನೋವನ್ನು ಸದ್ದಿಲ್ಲದೆ, ದೀಪಗಳಲ್ಲಿ ಹೇಳತೊಡಗಿದವು.

ಅಂಥ ಒಂದು ಕಾರು ಫೋಟೋಗಳಿಗೆ ಫ್ರೇಮ್ ಹಾಕುವ ಒಬ್ಬ ಅಂಗಡಿಯವನ ಬಳಿ ಇತ್ತು. ಒಂದು ದಿನ ಅದರ ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಕೆಂಪು ಚಿತ್ರವೊಂದು ಮೂಡಿತು: ಕೂತ ಮನುಷ್ಯ, ಅವನೆದುರು ಒಂದು ಉಂಡೆ. ಮೂಡಿದ್ದು ಆರಲೇ ಇಲ್ಲ.

"ರೀ, ಅದೇನದು ಕೆಂಪಗೆ?" ಎಂದಳು ಹೆಂಡತಿ.

"ಯಾವನೋ ಕುಂಬಳಕಾಯಿ ತಬ್ಕೊಂಡು ಕೂತಿದಾನೆ. ಕೂತ್ಕೊಳ್ಲಿ ಬಿಡು, ಊಟ ಏನೂ ಕೇಳ್ತಿಲ್ವಲ್ಲ."

"ತಮಾಷೆ ಸಾಕು. ಗ್ಯಾರೇಜಲ್ಲಿ ತೋರಿಸಿ."

"ಗಾಡಿ ಓಡತ್ತೆ, ಬ್ರೇಕ್ ಹಿಡಿಯತ್ತೆ, ಇನ್ನೇನು ಬೇಕು? ಆಯ್ತು ಕಣೇ, ಹಾಗೆ ನೋಡ್ಬೇಡ. ತೋರಿಸ್ತೀನಿ. ಮಾತು ಕೊಟ್ಟೆ."

ತೋರಿಸಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು, ಫ್ರೇಮಿನ ಬೆನ್ನಿಗೆ ಅಂಟಿಸುವ ಕಂದು ಟೇಪಿನ ತುಂಡೊಂದನ್ನು ಕತ್ತರಿಸಿ ಆ ಚಿತ್ರದ ಮೇಲೆ ಹಚ್ಚಿದ. ಅಂಗಡಿಯ ಕೆಲಸದಷ್ಟೇ ಅಚ್ಚುಕಟ್ಟಾಗಿ.

ಒಂದು ಬೆಳಿಗ್ಗೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಜು ತರಲು ಹೊರಟ. ತಿರುವಿನಲ್ಲಿ ಕಾರು, ನಿಂತಿದ್ದ ಲಾರಿಗೆ ಗುದ್ದಿತು. ತಮ್ಮ ಸೀಟ್ ಬೆಲ್ಟ್ ಹಾಕಿಕೊಂಡೇ ಇದ್ದ. ಆದರೂ ಅಣ್ಣ ಉಳಿದ, ತಮ್ಮ ಉಳಿಯಲಿಲ್ಲ. ಎಷ್ಟೋ ಮನೆಗಳಲ್ಲಿ ಹೋದವರ ಫೋಟೋಗೆ ಫ್ರೇಮ್ ಹಾಕಿಕೊಟ್ಟ ಆ ಕೈಗೆ, ತಮ್ಮನ ಫೋಟೋದ ಅಳತೆ ತೆಗೆಯುವುದು ಮಾತ್ರ ಆಗಲಿಲ್ಲ.

ಕಾರು ತಗ್ಗು ತೆಗೆಸಿಕೊಂಡು, ಬಣ್ಣ ಬಳಿಸಿಕೊಂಡು ಮನೆಗೆ ಬಂತು. ಟೇಪು ಹಾಗೇ ಇತ್ತು. ತಮ್ಮನ ಹೆಂಡತಿ ತುಂಬು ಬಸುರಿ. ಆಸ್ಪತ್ರೆಗೆ ಹೊರಟವಳು ಕಾರಿನ ಬಾಗಿಲ ಬಳಿ ನಿಂತುಬಿಟ್ಟಳು.

"ಭಾವ, ಆ ಟೇಪಿನ ಕೆಳಗಿರೋದನ್ನ ಸರಿ ಮಾಡಿಸಿ. ಅಲ್ಲಿವರೆಗೂ ನಾನು ಇದಕ್ಕೆ ಹತ್ತಲ್ಲ."

"ಈ ಹೊಟ್ಟೆ ಹೊತ್ಕೊಂಡು ಬಸ್ಸಲ್ಲಿ ಹೋಗ್ತೀಯಾ?"

"ಹೋಗ್ತೀನಿ. ಇದೊಂದಾದ್ರೂ ನನಗೆ ಉಳೀಬೇಕು."

"ದೀಪ ಯಾರನ್ನಾದ್ರೂ ಕೊಲ್ಲತ್ತಾ? ಅವನ ಹಣೆಬರಹ ಅಷ್ಟಿತ್ತು!" ಎಂದು ಅವನು ಕಾರಿನ ಬಾಗಿಲು ತೆರೆದು ಹಿಡಿದ.

ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದಿದ್ದ ಪಕ್ಕದ ಮನೆಯ ನರ್ಸಮ್ಮ ಕಾರಿನೊಳಗೆ ಬಗ್ಗಿ ಕೀ ತಿರುಗಿಸಿ ಟೇಪು ಕಿತ್ತಳು; ಕೆಂಪು ಚಿತ್ರ ಇನ್ನೂ ಉರಿಯುತ್ತಿತ್ತು. ಅವಳ ಕೆಲಸ ಅಪಘಾತದವರು ಬರುವ ವಾರ್ಡಿನಲ್ಲಿ.

"ಅಣ್ಣ, ಈ ಉಂಡೆ ಏರ್‌ಬ್ಯಾಗು. ಗಾಡಿ ಗುದ್ದಿದಾಗ ಉಬ್ಬಿ ತಲೆ, ಎದೆ ಕಾಯೋ ಚೀಲ. ಕೀ ತಿರುಗಿಸಿದಾಗ ಈ ದೀಪ ಹತ್ತಬೇಕು, ಸ್ವಲ್ಪ ಹೊತ್ತಿಗೆ ಆರಬೇಕು. ಆರಲಿಲ್ಲ ಅಂದ್ರೆ ಚೀಲ ಉಬ್ಬದೇ ಹೋಗ್ಬಹುದು."

"ಅವತ್ತು ಚೀಲ ಉಬ್ಬಿದ್ದಿದ್ರೆ... ಅವನು ಉಳೀತಿದ್ನಾ?"

"ಉಳೀತಿದ್ದ ಅಂತ ಹೇಳಲಾರೆ. ಉಳಿಯೋಕೆ ಒಂದು ದಾರಿ ಇತ್ತು, ಅದು ಮುಚ್ಚಿತ್ತು. ಅಷ್ಟೇ ಗೊತ್ತು ನನಗೆ."

ನರ್ಸಮ್ಮ ಬಸುರಿಯನ್ನು ಕರೆದುಕೊಂಡು ಬಸ್ಸಿಗೆ ನಡೆದಳು. ಅವನು ಹೆಂಡತಿಯ ಜೊತೆ ನಿಧಾನವಾಗಿ, ಬಹಳ ನಿಧಾನವಾಗಿ ಕಾರು ಓಡಿಸಿಕೊಂಡು ಗ್ಯಾರೇಜಿಗೆ ಹೋದ.

ಮೆಕ್ಯಾನಿಕ್ ಕಾರಿಗೆ ಸ್ಕ್ಯಾನರ್ ಸಿಕ್ಕಿಸಿ ನೋಡಿದ. ಆಮೇಲೆ ಟಾರ್ಚ್ ಹಿಡಿದು ಪಕ್ಕದ ಸೀಟಿನ ಕೆಳಗೆ ಬಗ್ಗಿದ.

"ಇಲ್ಲೇನು ತುರುಕ್ತಿದ್ರಿ?"

"ಫ್ರೇಮಿನ ಪಟ್ಟಿ. ಉದ್ದ ಅಲ್ವಾ, ಅಲ್ಲೇ ಸರಿಯಾಗಿ ಹಿಡೀತಿತ್ತು."

"ಅವು ಏರ್‌ಬ್ಯಾಗಿನ ಈ ಹಳದಿ ವೈರನ್ನ ಎಳೆದುಬಿಟ್ಟಿವೆ. ಇದು ಸಡಿಲ ಆದ್ರೆ ಈ ಗಾಡೀಲಿ ಒಂದು ಚೀಲಾನೂ ಕೆಲಸ ಮಾಡಲ್ಲ. ಅದನ್ನೇ ದೀಪ ಹೇಳ್ತಾ ಇತ್ತು."

ಅವನು ಅಲ್ಲೇ ಹಳೆಯ ಟೈರಿನ ಮೇಲೆ ಕೂತ. ಹೆಂಡತಿ ಅವನ ಬೆನ್ನ ಮೇಲೆ ಕೈ ಇಟ್ಟಳು.

ಅವರು ಅಲ್ಲಿ ಕಾಯುತ್ತಿರುವಾಗ, ಓದುತ್ತಿರುವ ಅಕ್ಕ, ಅಣ್ಣ, ನಿಮಗೊಂದು ಮಾತು. ನಿಮ್ಮ ಗಾಡಿಯ ಮುಖವನ್ನೊಮ್ಮೆ ನೋಡಿ. ಕೆಂಪು ದೀಪ ಹತ್ತಿಯೇ ಉಳಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ತಿಳಿದವರನ್ನು ಕೇಳಿ. ಹಳದಿಯಾದರೆ ಬೇಗ ತೋರಿಸಿ. ದೀಪದ ಮೇಲೆ ಏನನ್ನೂ ಅಂಟಿಸಬೇಡಿ, 'ದೀಪ ಕಾಣದ ಹಾಗೆ ಮಾಡಿಕೊಡ್ತೀನಿ' ಎನ್ನುವವರ ಮಾತು ಕೇಳಬೇಡಿ. ಹಳೆಯ ಕಾರು ಕೊಳ್ಳುವಾಗ ಏರ್‌ಬ್ಯಾಗಿನ ದೀಪ ಹತ್ತಿ ಆರುವುದೇ ನೋಡಿ, ಹತ್ತದಿದ್ದರೂ ಅನುಮಾನಪಡಿ. ಸೀಟಿನ ಕೆಳಗೆ ಸಾಮಾನು ತುರುಕಬೇಡಿ. ಏರ್‌ಬ್ಯಾಗ್ ಇದೆಯೆಂದು ಬೆಲ್ಟ್ ಬಿಡಲೂ ಬೇಡಿ. ಯಾವ ಚಿತ್ರಕ್ಕೆ ಏನರ್ಥ ಎಂದು ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿದೆ. ಇವತ್ತೇ ತೆಗೆದು ನೋಡಿ.

ಮೆಕ್ಯಾನಿಕ್ ವೈರು ಸರಿಪಡಿಸಿದ, ಅಪಘಾತದಲ್ಲಿ ಜಗ್ಗಿದ್ದ ಬೆಲ್ಟುಗಳನ್ನೂ ಬದಲಿಸಿದ. "ಈಗ ಕೀ ತಿರುಗಿಸಿ."

ಕೆಂಪು ಚಿತ್ರ ಮೂಡಿತು. ಗಂಡ ಹೆಂಡತಿ ಇಬ್ಬರೂ ಪರದೆಯತ್ತ ಬಗ್ಗಿದರು. ಚಿತ್ರ ಆರಿತು.

"ಮಾಡಿಸಿದೆ ಕಣೇ," ಎಂದ ಅವನು.

"ಹೂಂ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಓರಗಿತ್ತಿಗೆ ಫೋನ್ ಮಾಡಿದಳು. "ಆಸ್ಪತ್ರೇಲೇ ಇರಮ್ಮಾ. ಕಾರು ತರ್ತಿದೀವಿ."