ಹೆಸರು ಕೂಗುವ ಭಾನುವಾರ

ಒಂದು ವಾರದಿಂದ ಒತಿಲಿಯಾ ತನ್ನ ಸ್ವಂತ ರಾಜ್ಯದಲ್ಲಿ ಕಳ್ಳಿಯ ಹಾಗೆ ದಾರಿ ಹುಡುಕಿಕೊಂಡು ಓಡಾಡುತ್ತಿದ್ದಳು.

ಜೊತೆಗಿದ್ದ ಅಬೆಲಾರ್ಡೊನಿಗೆ ಮಾತ್ರ ಅದು ಪ್ರವಾಸ. ಬಾಡಿಗೆ ಕಾರು, ಹೊಸ ಹುಲ್ಲುಟೋಪಿ, ಕುತ್ತಿಗೆಗೆ ಕ್ಯಾಮೆರಾ. ದೇಶದ ಉತ್ತರ ತುದಿಯ ಮೊಂತೆರ್ರೆಯ್ ನಗರದಲ್ಲಿ ಹುಟ್ಟಿ ಬೆಳೆದವನು. ಎರಡು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿ ಬಾಳುತ್ತಿದ್ದರೂ ದಕ್ಷಿಣದಲ್ಲಿದ್ದ ಅವಳ ವಹಾಕಾ ರಾಜ್ಯಕ್ಕೆ ಅವನು ಕಾಲಿಟ್ಟದ್ದು ಇದೇ ಮೊದಲು. ತೋರಿಸಿದ್ದಕ್ಕೆಲ್ಲ ಬೆರಗಾದ. ಹುರಿದ ಮಿಡತೆ ತಿಂದ, ಮೆಸ್ಕಾಲ್ ಸಾರಾಯಿ ಕುಡಿದು ಕಣ್ಣಲ್ಲಿ ನೀರು ತಂದುಕೊಂಡ, ತೂಲೆ ಎಂಬ ಊರಿನ ಹಳೇ ಹೆಮ್ಮರವನ್ನು ತಬ್ಬಲು ಬೇಲಿ ದಾಟಿ ಕಾವಲುಗಾರನಿಂದ ಬೈಸಿಕೊಂಡ. ಅವಳು ತೋರಿಸದೆ ಬಿಟ್ಟದ್ದು ಒಂದೇ ಊರು. ಬೆಟ್ಟದ ಮೇಲಿನ ಯಗೇಚೆ, ಅವಳು ಹುಟ್ಟಿದ ಊರು.

"ಅಮ್ಮ ವೆರಾಕ್ರೂಸ್‌ನಲ್ಲಿ ದೊಡ್ಡಮ್ಮನ ಮನೇಲಿದಾಳೆ. ಸುಮ್ನೆ ಬೀಗ ಹಾಕಿದ ಮನೆ ನೋಡೋಕೆ ಯಾಕೆ ಹೋಗೋದು?" ಎಂದು ವಿಮಾನದಲ್ಲೇ ಸುಳ್ಳು ಹೇಳಿ ಮುಗಿಸಿದ್ದಳು. ಅವನು ನಂಬಿದ್ದ.

ಅಮ್ಮ ಎಲ್ಲಿಗೂ ಹೋಗಿರಲಿಲ್ಲ. ಒತಿಲಿಯಾಳ ಫೋನಿನಲ್ಲಿ ಒಂದು ಕಾಗದದ ಫೋಟೊ ಇತ್ತು, ಊರಿನ ಮೊಹರು ಒತ್ತಿದ್ದು. ಯಗೇಚೆಯ ಸಭೆ ಅವಳನ್ನು ನೀರು ಸಮಿತಿಗೆ ಆರಿಸಿದೆ. ಆಗಸ್ಟ್ ಒಂದರಿಂದ ಒಂದು ವರ್ಷ ಊರಲ್ಲೇ ಇದ್ದು ಕೆಲಸ ಮಾಡಬೇಕು. ಸಂಬಳವಿಲ್ಲ. ಬದಲಿಗೆ ಬೇರೆಯವರನ್ನು ನಿಲ್ಲಿಸುವಂತಿಲ್ಲ. ಜುಲೈ ಕೊನೆಯ ಭಾನುವಾರ ಹೆಸರು ಕೂಗುವಾಗ ಹಾಜರಿರಬೇಕು. ತಪ್ಪಿದರೆ ತಾಯಿ ಅಪೊಲೋನಿಯಾ ಲುನಾಳ ಮನೆಯ ನಲ್ಲಿ ಕಡಿಯಲಾಗುವುದು. ಇದು ಮೂರನೆಯ ಕರೆ. ಮೊದಲೆರಡನ್ನು ಅವಳು ಅಳಿಸಿ ಹಾಕಿದ್ದಳು. ಇದನ್ನು ಅಳಿಸಲು ಕೈ ಬಂದಿರಲಿಲ್ಲ.

ಯಗೇಚೆಯಲ್ಲಿ ಮನೆಗೊಬ್ಬರಂತೆ ಇಂಥ ಕೆಲಸ ಹೊರುವುದು ಎಲ್ಲರಿಗೂ ಬಂದದ್ದೇ. ಅವಳ ಅಪ್ಪ ಸಾಯುವ ಮೊದಲು ಐದು ಸಲ ಹೊತ್ತಿದ್ದ. ಊರಿಗೆ ನೀರು ತರುವ ಹನ್ನೊಂದು ಕಿಲೋಮೀಟರಿನ ಪೈಪನ್ನು ಹಾಕಿದ್ದು ಸರ್ಕಾರವಲ್ಲ, ಈ ಜನ. ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದವರು ಅವರು. ಸರ್ಕಾರಕ್ಕೆ ಯಗೇಚೆ ನೆನಪಾಗುವುದು ಜುಲೈನ ದೊಡ್ಡ ಹಬ್ಬಕ್ಕೆ ಕುಣಿಯುವವರು ಬೇಕಾದಾಗ ಮಾತ್ರ. ಕಳೆದ ಸೋಮವಾರ ರಾಜಧಾನಿಯ ಗುಡ್ಡದ ಮೇಲೆ ಹಳ್ಳಿ ಹಳ್ಳಿಯ ಹುಡುಗಿಯರು ಸುಡುವ ಬಿಸಿಲಲ್ಲಿ ಕಸೂತಿ ಲಂಗ ಬೀಸಿ ಕುಣಿದರು, ಮಂತ್ರಿಗಳು ನೆರಳಲ್ಲಿ ಕೂತು ಚಪ್ಪಾಳೆ ತಟ್ಟಿದರು. ಅಬೆಲಾರ್ಡೊ ಕಣ್ಣರಳಿಸಿ, "ಎಷ್ಟು ಚೆಂದದ ಪದ್ಧತಿ ಒತಿ, ನಿಮ್ಮ ಜನಾನೇ ಬೇರೆ!" ಎಂದಿದ್ದ. ಆ ಲಂಗಗಳಲ್ಲಿ ಒಂದನ್ನು ಒಗೆಯಲು ಎಷ್ಟು ಕೊಡ ನೀರು ಹೊರಬೇಕೆಂದು ಅವಳಿಗೆ ಗೊತ್ತಿತ್ತು.

ಅವನಿಗೆ ಹೇಳಿದರೆ ಏನಾಗುತ್ತಿತ್ತು? ಡಿಸೆಂಬರ್‌ನಲ್ಲಿ ಮದುವೆ ಎಂದು ಅವನ ಅಮ್ಮ ಚರ್ಚಿನಲ್ಲಿ ದಿನ ಕೇಳಿಟ್ಟಾಗಿತ್ತು. ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವ ಅವಳ ಕೆಲಸ ಆರು ತಿಂಗಳಿಗೊಮ್ಮೆ ಕರಾರಿನ ಕಾಗದ ಹೊಸದು ಮಾಡಿಸಿಕೊಳ್ಳುವಂಥದ್ದು. ವರ್ಷ ಬಿಟ್ಟರೆ ಅದು ಹೋಯಿತು. ಅವನೂ ಹೋದರೆ? ಪ್ರತಿ ರಾತ್ರಿಯೂ ಹೋಟೆಲಿನ ಛಾವಣಿ ನೋಡುತ್ತ ಇದನ್ನೇ ಮೆಲುಕು ಹಾಕಿದ್ದಳು. ಒಂದು ಭಾನುವಾರ ದಾಟಿಬಿಟ್ಟರೆ ಸಾಕು. ಆಮೇಲೆ ಅಮ್ಮನಿಗೆ ಒಂದು ನೀರಿನ ಟ್ಯಾಂಕು ಕೊಡಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡು, ಹಾಗೆ ಹೇಳಿಕೊಂಡದ್ದಕ್ಕೆ ನಾಚಿ, ಮಗ್ಗುಲು ಬದಲಿಸಿದ್ದಳು.

ಆ ಭಾನುವಾರ ಬಂದಿತ್ತು. ಸುಣ್ಣದ ನೀರು ಹರಿದು ಕಲ್ಲಾಗಿ ನಿಂತ ಜಲಪಾತ ನೋಡಲು ಬೆಳಗ್ಗೆ ಎಂಟಕ್ಕೇ ಹೊರಟಿದ್ದರು. ಹೆದ್ದಾರಿಯಲ್ಲಿ ಅರ್ಧ ದಾರಿ ಬಂದದ್ದೇ ಸಾಲುಗಟ್ಟಿ ನಿಂತ ಲಾರಿಗಳು. ಮುಂದೆ ಮುಷ್ಕರ ಹೂಡಿದ ಮೇಷ್ಟ್ರುಗಳ ರಸ್ತೆತಡೆ. ಅಡ್ಡಲಾಗಿ ಬಸ್ಸು ನಿಲ್ಲಿಸಿ, ಬ್ಯಾನರು ಕಟ್ಟಿ, ಕುರ್ಚಿ ಹಾಕಿಕೊಂಡು ಹೆಣಿಗೆ ಹೆಣೆಯುತ್ತ ಕೂತಿದ್ದರು.

"ಸಂಜೆವರೆಗೂ ಬಿಡಲ್ಲವಂತೆ," ಎಂದು ಕೇಳಿಕೊಂಡು ಬಂದ ಅಬೆಲಾರ್ಡೊ ಫೋನು ತಿರುಗಿಸಿ ತೋರಿಸಿದ. "ಆದ್ರೆ ನೋಡು, ಇಲ್ಲೊಂದು ಬೆಟ್ಟದ ದಾರಿ ಇದೆ. ಯಗೇಚೆ ಮೇಲಿಂದ! ನಿಮ್ಮೂರೇ ಅಲ್ವಾ?"

"ಆ ರಸ್ತೆ ಸರಿ ಇಲ್ಲ."

"ನೋಡೋಣ ಬಿಡು."

"ಮಳೆಗಾಲ. ಗುಡ್ಡ ಜರಿಯುತ್ತೆ. ವಾಪಸ್ ಹೋಗೋಣ, ತಲೆ ನೋಯ್ತಿದೆ."

"ನಿನ್ನ ಊರು ಕಣೇ! ಬೀಗ ಹಾಕಿದ ಬಾಗಿಲಾದ್ರೂ ಪರವಾಗಿಲ್ಲ, ಒಂದು ಫೋಟೊ ತಗೊಂಡು ಅಮ್ಮನಿಗೆ ಕಳಿಸೋಣ." ಅವನು ಆಗಲೇ ಕಾರು ತಿರುಗಿಸಿದ್ದ.

ಅವಳು ಕಪ್ಪು ಕನ್ನಡಕ ಹಾಕಿಕೊಂಡಳು. ಅವನ ಹುಲ್ಲುಟೋಪಿ ತೆಗೆದು ತನ್ನ ತಲೆಗಿಟ್ಟುಕೊಂಡಳು. ಗಡಿಯಾರ ಹತ್ತಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಹತ್ತಕ್ಕೆ ಸಭೆ, ಎಲ್ಲರೂ ಸಭೆಯ ಮನೆಯೊಳಗಿರುತ್ತಾರೆ, ನಿಲ್ಲಿಸದೆ ಹಾದುಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದಳು. ಊರ ಬಾಗಿಲಿನ ಹಗ್ಗವನ್ನು ಮರೆತಿದ್ದಳು.

ಹೊರಗಿನ ಗಾಡಿಗಳಿಂದ ಸುಂಕ ವಸೂಲು ಮಾಡಲು ಊರಿನವರು ರಸ್ತೆಗೆ ಅಡ್ಡ ಹಗ್ಗ ಕಟ್ಟುತ್ತಿದ್ದರು. ಹಗ್ಗದ ತುದಿ ಹಿಡಿದು, ಬಗಲಲ್ಲಿ ಊರ ಕಾವಲಿನ ಕೋಲು ಇಟ್ಟುಕೊಂಡು ನಿಂತವನು ಫಿದೆನ್ಸಿಯೊ. ಆರನೇ ತರಗತಿವರೆಗೆ ಅವಳ ಪಕ್ಕದ ಬೆಂಚಿನವನು. ಬಗ್ಗಿ ಕಾರಿನೊಳಗೆ ಇಣುಕಿದ. ಅವಳನ್ನು ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಬನ್ನಿ ಸಾರ್, ಬನ್ನಿ ಮೇಡಂ. ಯಾವ ಕಡೆಯಿಂದ ಸವಾರಿ?"

"ಮೊಂತೆರ್ರೆಯ್‌ನಿಂದ," ಅಂದ ಅಬೆಲಾರ್ಡೊ.

"ಅಬ್ಬಾ, ದೂರ. ಮೇಡಂನೂ ಆ ಕಡೆಯವರೇನಾ?"

"ಇಲ್ಲಪ್ಪ, ಅವಳು ಈ ಕಡೆಯವಳೇ. ನನಗೆ ಊರು ತೋರಿಸೋಕೆ ಕರ್ಕೊಂಡು ಬಂದಿದಾಳೆ."

"ಹೌದಾ! ಯಾವೂರಾಯ್ತು ಮೇಡಂ?"

"ಪೇಟೆ," ಎಂದಳು, ಉತ್ತರದವರ ರಾಗದಲ್ಲಿ.

"ಅದೇ ಅಂದ್ಕೊಂಡೆ. ಪೇಟೆಯವರಿಗೆ ನಮ್ಮ ಬಿಸಿಲು ತಡೆಯಲ್ಲ. ಯಗೇಚೆಗೆ ಮೊದಲನೇ ಸಲಾನಾ?"

ಅಬೆಲಾರ್ಡೊ ಅವಳತ್ತ ತಿರುಗಿದ. ಅವನ ಬಾಯಿಂದ ಮಾತು ಹೊರಡುವ ಮೊದಲೇ ಅವಳು ಅವನ ತೊಡೆ ಗಿಲ್ಲಿ ತಲೆಯಾಡಿಸಿಬಿಟ್ಟಳು. ಹೌದು, ಮೊದಲನೇ ಸಲ. ಅವನು ಏನೋ ತಮಾಷೆಯೆಂದುಕೊಂಡು ನಕ್ಕ.

"ಹಾಗಾದ್ರೆ ಇಬ್ಬರಿಗೂ ಚೀಟಿ. ಇಲ್ಲಿ ಹುಟ್ಟಿದವರಿಗೆ ಬೇಕಾಗಿಲ್ಲ. ನಿಮಗೆ ಬೇಕಲ್ಲ ಮೇಡಂ." ಫಿದೆನ್ಸಿಯೊ ಚೀಟಿಯನ್ನು ನೇರ ಅವಳ ಕೈಗೇ ಇಟ್ಟ. ಅದರ ಮೇಲೆ 'ಪ್ರವಾಸಿ' ಎಂದು ಅಚ್ಚಾಗಿತ್ತು.

"ತಿನ್ನೋಕೆ ಏನಾದ್ರೂ ಸಿಗುತ್ತಾ?" ಎಂದು ಕೇಳಿದ ಅಬೆಲಾರ್ಡೊ.

"ಅಪೊಲೋನಿಯಾ ಚಿಕ್ಕಮ್ಮನ ಮೆಕ್ಕೆಜೋಳದ ರೊಟ್ಟಿ ತಿನ್ನಬೇಕು ಸಾರ್ ನೀವು. ಹಂಚಿಂದ ತೆಗೆದು ಕಾಳಿನ ಗೊಜ್ಜು ಸವರಿ ಕೊಟ್ರೆ... ಆದ್ರೆ ಇವತ್ತು ಒಲೆ ಹಚ್ಚಿಲ್ಲ. ಸಭೆಯಲ್ಲಿದಾಳೆ. ಇವತ್ತು ಅವಳ ಮನೆ ನಲ್ಲಿ ಕಡೀತಾರೆ."

"ಅಯ್ಯೋ, ಯಾಕೆ?"

"ಮಗಳು ಊರ ಕೆಲಸಕ್ಕೆ ಬರಲ್ಲ. ಮೂರು ಸಲ ಕರೆದಾಯ್ತು."

"ಎಂಥಾ ಮಗಳಪ್ಪಾ ಅವಳು!" ಅಬೆಲಾರ್ಡೊನ ಮರುಕ ನಿಜವಾದದ್ದು. ಒತಿಲಿಯಾಳ ಅಮ್ಮನ ಹೆಸರು ಅವನಿಗೆ ಗೊತ್ತಿರಲಿಲ್ಲ.

ಫಿದೆನ್ಸಿಯೊ ಹಗ್ಗ ಸಡಿಲಬಿಟ್ಟ. "ಹಾಗೆಲ್ಲ ಅನ್ನಬೇಡಿ ಸಾರ್. ಒಳ್ಳೆಯವಳೇ. ಶಾಲೇಲಿ ನನ್ನ ಪಾಠ ಎಲ್ಲ ಅವಳೇ ಬರ್ಕೊಡ್ತಿದ್ಲು. ಹೋಗ್ಬನ್ನಿ ಮೇಡಂ. ಚೆನ್ನಾಗಿ ಊರು ನೋಡಿ."

ಕಾರು ಹಗ್ಗವನ್ನು ತುಳಿದು ಮುಂದೆ ಹೋಯಿತು. ಫಿದೆನ್ಸಿಯೊ ಬೈದಿದ್ದರೆ ವಾಸಿಯಿತ್ತು.

"ಯಾಕೆ ಸುಳ್ಳು ಹೇಳಿದೆ ಅವನ ಹತ್ರ?" ಎಂದ ಅಬೆಲಾರ್ಡೊ ನಗುತ್ತಲೇ. "ಊರಿನವರೇ ಅಂತ ಹೇಳಿ ಚೀಟಿ ದುಡ್ಡು ಉಳಿಸೋಕೆ ಎಲ್ಲರೂ ನೋಡಿದ್ರೆ ನೀನು..."

"ನಿಲ್ಲಿಸಬೇಡ. ಸೀದಾ ಹೋಗು."

ಸೀದಾ ಹೋಗುವಂತಿರಲಿಲ್ಲ. ಸಭೆಯ ಮನೆಯ ಮುಂದೆ ಪಿಕಪ್ ಗಾಡಿಗಳೂ ಕತ್ತೆಗಳೂ ರಸ್ತೆ ತುಂಬಿ ನಿಂತಿದ್ದವು. ಅಬೆಲಾರ್ಡೊ ಕಾರು ನಿಲ್ಲಿಸಿ ಗಾಜು ಇಳಿಸಿದ. ಸೂರಿನ ಮೇಲಿನ ಧ್ವನಿವರ್ಧಕ ಊರಿಗೆಲ್ಲ ಕೇಳುವಂತೆ ಹೆಸರು ಓದುತ್ತಿತ್ತು. ಒಂದೊಂದು ಹೆಸರಿಗೂ ಒಳಗಿಂದ ಒಂದೊಂದು ದನಿ, "ಹಾಜರ್!"

"ಶಾಲೆ ಥರಾನೇ ಇದೆ!" ಎಂದು ಅವನು ಕ್ಯಾಮೆರಾ ಎತ್ತಿದ.

"ಒತಿಲಿಯಾ ಹಾರ್ಕಿನ್ ಲುನಾ."

ಉತ್ತರವಿಲ್ಲ. ಧ್ವನಿವರ್ಧಕ ಗೊರಗೊರ ಎಂದಿತು.

ಅಬೆಲಾರ್ಡೊನ ಕೈ ಅರ್ಧದಲ್ಲೇ ನಿಂತಿತು. "ಒತಿ. ಅದು ನಿನ್ನ ಹೆಸರು."

"ಹ್ಞೂಂ."

"ಒತಿಲಿಯಾ ಹಾರ್ಕಿನ್ ಲುನಾ." ಎರಡನೇ ಸಲ.

"ಅಮ್ಮ ವೆರಾಕ್ರೂಸ್‌ನಲ್ಲಿ ಅಂದೆಯಲ್ಲ?"

ಅವಳು ಬಾಯಿ ತೆರೆಯುವ ಮೊದಲೇ ಧ್ವನಿವರ್ಧಕದಿಂದ ಅಮ್ಮನೇ ಮಾತಾಡಿದಳು. ಏಳು ತಿಂಗಳಿಂದ ಮಗಳು ಕೇಳಿರದ ದನಿ, ಬೆಳಗಿನ ಕೆಮ್ಮಿನೊಂದಿಗೆ.

"ಗೈರುಹಾಜರ್ ಅಂತ ಬರ್ಕೊಳ್ಳಿ. ಕಾಯಬೇಡಿ."

"ಇನ್ನೊಂದು ವಾರ ಕೊಡೋಣ ಬಿಡು ಅಪೊಲೋನಿಯಕ್ಕಾ," ಎಂದಿತೊಂದು ಗಂಡಸಿನ ದನಿ. "ಹೆಣ್ಣುಮಗು, ದೂರದಲ್ಲಿದೆ ಪಾಪ..."

"ಏನಂದೆ? ಹೆಣ್ಣುಮಗು? ಹದಿನಾಲ್ಕು ವರ್ಷದ ಹಿಂದೆ ಈ ಬಾಗಿಲಲ್ಲಿ ಹನ್ನೊಂದು ಜನ ಹೆಂಗಸರು ಕೂತಿದ್ವಿ, ನೆನಪಿದೆಯಾ? ನಮ್ಮ ಹೆಸರೂ ಓದಿ ಅಂತ. ನಿಮ್ಮಪ್ಪ ಪಾತ್ರೆ ತೊಳೆದ ನೀರು ತಂದು ನನ್ನ ತಲೆ ಮೇಲೆ ಸುರಿದ. ಕೆಲಸ ಹೊರೋ ತಾಕತ್ತು ಹೆಂಗಸರಿಗೆಲ್ಲಿದೆ ಅಂದ್ರಿ ಅವತ್ತು. ಇವತ್ತು ಕನಿಕರ ತೋರಿಸ್ತೀರಾ? ನಾನು ಆ ಕೊಳಕು ನೀರಲ್ಲಿ ನೆಂದಿದ್ದು ನಿಮ್ಮ ಕನಿಕರಕ್ಕಲ್ಲ. ಗಂಡಸು ತಪ್ಪಿಸ್ಕೊಂಡ್ರೆ ನಲ್ಲಿ ಕಡೀತೀರೋ ಇಲ್ವೋ? ಹಾಗಾದ್ರೆ ನಂದೂ ಕಡೀರಿ. ಕಡೀಬೇಕು ಅನ್ನೋರು ಕೈ ಎತ್ತಿ. ನೋಡಿ, ಮೊದಲು ನಾನೇ ಎತ್ತಿದೀನಿ."

ಒತಿಲಿಯಾ ಕನ್ನಡಕ ತೆಗೆದಳು. ನೀರು, ಒಂದು ವರ್ಷ, ಮೂರು ಕರೆ, ಸುಳ್ಳು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಅಬೆಲಾರ್ಡೊನ ಮುಂದೆ ಸುರಿದಳು.

"ಒಂದು ವರ್ಷ?" ಅವನ ಮುಖ ಬಿಳಿಚಿತು. "ಡಿಸೆಂಬರ್‌ಗೆ..."

"ಗೊತ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಎಷ್ಟು ಚೆಂದದ ಪದ್ಧತಿ ಅಂತಿದ್ದೆ. ಆಮೇಲೆ, ಹೋಗಬೇಡ ಅಂತಿದ್ದೆ."

ಅವನು ಇಲ್ಲ ಅನ್ನಲಿಲ್ಲ. ಅದನ್ನು ನೋಡಿಕೊಂಡೇ ಅವಳು ಕಾರಿನಿಂದ ಇಳಿದಳು. ಕಳೆದ ಬೇಸಗೆಯಲ್ಲಿ ಮೊಂತೆರ್ರೆಯ್‌ನಲ್ಲಿ ಹತ್ತೊಂಬತ್ತು ದಿನ ಅವರ ಮನೆಯ ನಲ್ಲಿ ಒಣಗಿತ್ತು. ಬಿಯರ್ ಕಾರ್ಖಾನೆಯಲ್ಲಿ ನೀರು ಒಂದು ದಿನವೂ ನಿಂತಿರಲಿಲ್ಲ. ಅಲ್ಲಿ ಯಾರ ನಲ್ಲಿ ಕಡಿಯಲು ಯಾರು ಕೈ ಎತ್ತುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇಲ್ಲಿ ತೆರೆದ ಬಾಗಿಲಿನಾಚೆ ಕೈಗಳು ಕಣ್ಣಿಗೆ ಕಾಣುತ್ತಿದ್ದವು. ಅವುಗಳಲ್ಲಿ ಮೊದಲನೆಯದು ಹೆತ್ತವಳದು.

"ಒತಿಲಿಯಾ ಹಾರ್ಕಿನ್ ಲುನಾ. ಮೂರನೇ ಸಲ, ಕೊನೇ ಸಲ."

"ಹಾಜರ್," ಎಂದಳು ಬಾಗಿಲಲ್ಲಿ ನಿಂತು. "ಹಾಜರಿದೀನಿ."

ಇನ್ನೂರು ತಲೆಗಳು ತಿರುಗಿದವು. ಅಮ್ಮನ ಕೈ ಇನ್ನೂ ಮೇಲೆಯೇ ಇತ್ತು. ತೋಳು ಸಣ್ಣಗಾಗಿತ್ತು, ರವಿಕೆ ಸಡಿಲ ಬಿದ್ದಿತ್ತು.

"ಒಪ್ಕೋತೀಯಾ?" ಎಂದು ಕೇಳಿದ ಊರ ಅಧ್ಯಕ್ಷ, ಮಣ್ಣು ಹತ್ತಿದ ಬೂಟು ಹಾಕಿಕೊಂಡಿದ್ದ ಒಬ್ಬ ಮುದುಕ.

"ಒಪ್ಕೋತೀನಿ. ಆದ್ರೆ ಒಂದು ಮಾತು. ಮೂರು ಕಾಗದ ಕಳಿಸಿದ್ರಿ. ನಿನಗೆ ಬರೋಕಾಗುತ್ತೇನಮ್ಮಾ ಅಂತ ಒಬ್ಬರೂ ಕೇಳ್ಲಿಲ್ಲ."

"ಯಾರನ್ನೂ ಕೇಳಲ್ಲ ಕಣಮ್ಮ. ನನ್ನನ್ನೂ ಕೇಳ್ಲಿಲ್ಲ. ನಾನೇನು ಈ ಕುರ್ಚಿಗೆ ಅರ್ಜಿ ಹಾಕಿದ್ನಾ?"

ಸಭೆ ನಕ್ಕಿತು. ಕಾರ್ಯದರ್ಶಿ ಹೆಸರಿನ ಮುಂದೆ ಗುರುತು ಹಾಕಿಕೊಂಡು ಓದು ಮುಂದುವರಿಸಿದ. ಅಪೊಲೋನಿಯಾ ಕೈ ಇಳಿಸಿ, ಹೆಂಗಸರ ಬೆಂಚಿನಲ್ಲಿ ಒಂದು ಗೇಣು ಸರಿದು ಜಾಗ ಮಾಡಿದಳು. ಅಪ್ಪಿಕೊಳ್ಳಲಿಲ್ಲ. ಮಗಳ ತಲೆಯ ಮೇಲಿನ ಗಂಡಸಿನ ಟೋಪಿಯನ್ನು ತೆಗೆದು ಅವಳ ಮಡಿಲಿಗೆ ಹಾಕಿದಳು. ಸಭೆಯಲ್ಲಿ ಟೋಪಿ ಹಾಕುವಂತಿರಲಿಲ್ಲ.

ಆಗ ಹೊರಗೆ ಕಾರು ಶುರುವಾದ ಸದ್ದು ಕೇಳಿಸಿತು. ಒತಿಲಿಯಾ ಕಿಟಕಿಯತ್ತ ಕತ್ತೆತ್ತಿದಳು. ನೆರಳಿಗೆ ಸರಿಸುತ್ತಿದ್ದಾನೋ, ಹಿಂದಕ್ಕೆ ತಿರುಗಿಸುತ್ತಿದ್ದಾನೋ, ಕಿಟಕಿ ಎತ್ತರವಿದ್ದುದರಿಂದ ಕಾಣಲಿಲ್ಲ. ಹೆಸರು ಮುಗಿಯುವ ಮೊದಲು ಎದ್ದರೆ ಗೈರುಹಾಜರಿಯೆಂದೇ ಲೆಕ್ಕ.

"ಯಾರದು ಗಾಡಿ?" ಪಿಸುಗುಟ್ಟಿದಳು ಅಮ್ಮ.

"ನನ್ನ ಜೊತೆಯವನದು."

"ಹೋಗ್ತಿದಾನಾ?"

"ಗೊತ್ತಿಲ್ಲಮ್ಮ."

ಅಪೊಲೋನಿಯಾ ಮುಂದಕ್ಕೆ ನೋಡಿಕೊಂಡೇ ಮಗಳ ಮಣಿಕಟ್ಟನ್ನು ಹಿಡಿದುಕೊಂಡಳು, ಗಟ್ಟಿಯಾಗಿ. ಅದು ಪ್ರೀತಿಯೋ, ಎದ್ದು ಓಡದಿರಲೆಂಬ ಎಚ್ಚರವೋ ಹೇಳುವಂತಿರಲಿಲ್ಲ.

"ಸುಮ್ನೆ ಕೂತ್ಕೋ," ಎಂದಳು. "ಇನ್ನೂ ಅರವತ್ತು ಹೆಸರಿದೆ."