ಡೆಲ್ಮರ್ ಕೊಡಲು ಮರೆತ ಹೊಗೆಸೊಪ್ಪು

ಊರಿಗೆಲ್ಲ ಬುದ್ಧಿ ಹೇಳುವುದರಲ್ಲಿ ಡೆಲ್ಮರ್ ನೋಸ್ಕಿಯೆ ಎತ್ತಿದ ಕೈ. ನಮ್ಮ ಕ್ರೀ ಬುಡಕಟ್ಟಿನ ಹಿರಿಯರ ಹತ್ತಿರ ಏನಾದರೂ ಕೇಳುವ ಮೊದಲು ಹೊಗೆಸೊಪ್ಪು ಕೊಡಬೇಕು, ಎಡಗೈಯಲ್ಲೇ ಕೊಡಬೇಕು, ಅದು ಹೃದಯದ ಪಕ್ಕದ ಕೈ ಎಂದು ಟೊರಾಂಟೊದ ಮಾರ್ಗೋ ಮೇಡಂಗೆ ಫೋನಿನಲ್ಲಿ ಚೆನ್ನಾಗಿ ಕೊರೆದಿದ್ದ. ಆಮೇಲೆ ಕನ್ನಡಿ ಮುಂದೆ ನಿಂತು ಟೈ ಕಟ್ಟಿಕೊಂಡ. ಅದು ಬೇಟೆಯಾಡಿದ ಮೂಸ್ ಕಡವೆಯನ್ನು ಎಳೆಯುವ ಹಗ್ಗದ ಹಾಗೆ ಕಂಡಿತು. 'ಸಿಇಒ ಅಂತೆ! ಮುಖ ನೋಡು!' ಎಂದು ತನ್ನನ್ನೇ ಬೈದುಕೊಂಡ.

ಅವನು ನಡೆಸುತ್ತಿದ್ದ, ಬುಡಕಟ್ಟಿನ ಒಡೆತನದ ಕಂಪನಿಯ ಶೆಡ್ಡಿನಲ್ಲಿ ಎಣ್ಣೆ ಟ್ಯಾಂಕುಗಳನ್ನು ವೆಲ್ಡಿಂಗ್ ಮಾಡುತ್ತಿದ್ದರು. ಇನ್ನೊಂದು ಶೆಡ್ಡು ಏಳದಿದ್ದರೆ ದೊಡ್ಡ ಕೆಲಸ ಕೈತಪ್ಪಿ, ಹುಡುಗರೆಲ್ಲ ಮತ್ತೆ ಮನೆಮಠ ಬಿಟ್ಟು ದೂರದ ಕ್ಯಾಂಪುಗಳಿಗೆ ದುಡಿಯಲು ಹೋಗಬೇಕಿತ್ತು. ದುಡ್ಡು ಹಾಕುತ್ತೇವೆಂದ ಮಾರ್ಗೋ ಅರ್ಧಕ್ಕಿಂತ ಹೆಚ್ಚು ಪಾಲು ಕೇಳಿದ್ದರು. ಅಂದರೆ ಯಜಮಾನಿಕೆ ಅವರದ್ದು. ಡೆಲ್ಮರ್ ಹೆದರಿ, ಒಳಗೊಳಗೇ ಹೂಂ ಅಂದಾಗಿತ್ತು. ಊರವರ ಮುಂದೆ ಮಾತ್ರ ಆ ಹೆದರಿಕೆಯನ್ನು ವ್ಯವಹಾರ ಜ್ಞಾನ ಎಂದು ಕರೆದುಕೊಂಡು ಓಡಾಡುತ್ತಿದ್ದ.

ಅವನ ಅಜ್ಜಿ ಫಿಲೊಮಿನ್, ಊರಿಗೆಲ್ಲ ಕೋಕುಮ್, ಅಂದರೆ ಕ್ರೀ ಮಾತಿನಲ್ಲಿ ಅಜ್ಜಿ. ಅವಳು ಪ್ರಾರ್ಥನೆ ಹೇಳದೆ ಅಲ್ಲಿ ಯಾರೂ ಸಹಿ ಹಾಕುತ್ತಿರಲಿಲ್ಲ. ಸಹಿಯ ದಿನ ಸಭೆಗೆ ಬಂದವಳು ಬ್ಯಾನಕ್ ರೊಟ್ಟಿ ತಿಂದಳು, ಟೀ ಕುಡಿದಳು, ಸುಮ್ಮನೆ ಕೂತಳು.

"ಕೋಕುಮ್, ಶುರು ಮಾಡ್ತೀಯಾ?"

"ಏನನ್ನ?"

"ಪ್ರಾರ್ಥನೆ."

"ಯಾರು ಕೇಳಿದ್ರು?"

"ಬೆಳಿಗ್ಗೆ ನಾನೇ ಫೋನ್ ಮಾಡಿದ್ನಲ್ಲ!"

"ಫೋನು ಬಂತು. ಕೈಗೇನೂ ಬರ್ಲಿಲ್ಲ."

ಡೆಲ್ಮರ್ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಮಾರ್ಗೋ ಚೀಲದಿಂದ ಹೊಗೆಸೊಪ್ಪಿನ ಪೊಟ್ಟಣ ತೆಗೆದು ಎಡಗೈಯಲ್ಲಿ ಅಜ್ಜಿಗೆ ನೀಡಿದರು. "ಡೆಲ್ಮರ್ ಅವರೇ ಹೇಳಿಕೊಟ್ಟಿದ್ದು," ಎಂದರು. ಬಾಗಿಲಲ್ಲಿ ನಿಂತಿದ್ದ ವೆಲ್ಡರುಗಳು ಕಿಸಕ್ಕೆಂದರು.

"ಇವಳಿಗೆ ಬುದ್ಧಿ ಇದೆ," ಎಂದಳು ಕೋಕುಮ್. "ಹೇಳಮ್ಮಾ, ನಿಂಗೇನು ಬೇಕು?"

"ಈ ಕಂಪನಿ ಬೆಳೀಬೇಕು ಅಜ್ಜಿ. ಹಿಡಿತ ನಮ್ಮ ಕೈಲಿರ್ಬೇಕು."

"ನೇರವಾಗಿ ಹೇಳಿದೆ, ಸಂತೋಷ." ಕೋಕುಮ್ ಮೊಮ್ಮಗನ ಕಡೆ ತಿರುಗಿದಳು. "ನಿಂಗೆ?"

ಗಾಬರಿಯಲ್ಲಿ ಅವನ ಕೈ ಜೇಬಿಗೆ ಹೋಗಿ ಹೊಸ ವಿಸಿಟಿಂಗ್ ಕಾರ್ಡ್ ಎತ್ತಿ ಅವಳ ಮುಂದಿಟ್ಟಿತು.

"ಇದನ್ನ ಯಾವ ಪೈಪಲ್ಲಿ ಸೇದ್ಲೋ?"

ಡೆಲ್ಮರ್ ಬಾಗಿಲಿಗೆ ಓಡಿದ. ದೊಡ್ಡಪ್ಪನ ಮಗ ರಸ್ಸಲ್‌ನ ಕಿವಿಯ ಮೇಲೊಂದು ಸಿಗರೇಟಿತ್ತು.

"ಕೊಡೋ ಮಾರಾಯಾ."

"ಸಿಇಒ ಸಾಹೇಬ್ರು ಬೇಡೋ ಕಾಲ ಬಂತಾ?"

"ಬಂತು ಕಣೋ, ಬೇಡ್ತಿದೀನಿ, ಕೊಡು!"

ಡೊಂಕಾದ ಆ ಸಿಗರೇಟನ್ನು ಎಡಗೈಯಲ್ಲಿ ಅಜ್ಜಿಗೆ ಕೊಟ್ಟ. ಹೊಗೆಸೊಪ್ಪು ಕೊಟ್ಟ ಮೇಲೆ ಸುಳ್ಳು ಹೇಳುವಂತಿಲ್ಲ. ತಿಂಗಳಿಂದ ಉರುಹೊಡೆದ ವ್ಯವಹಾರದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ನಂಗೆ ಹೆದರಿಕೆ, ಕೋಕುಮ್. ಇದು ನನ್ನ ಕೈಲಿ ಮುಳುಗಿಹೋದ್ರೆ ಅಂತ. ಇವ್ರಿಗೆ ಕೊಟ್ಟು ಕೈತೊಳ್ಕೊಳ್ಳೋಣ ಅಂತಿದ್ದೆ. ಮುಳುಗಿದ್ರೆ ಬೈಸ್ಕೊಳ್ಳೋರು ಇವ್ರೇ ಆಗ್ತಾರಲ್ಲ ಅಂತ." ಅವನು ಬಾಗಿಲ ಕಡೆ ನೋಡಿದ. "ಆದ್ರೆ ನಂಗೆ ಬೇಕಾಗಿರೋದು ಅದಲ್ಲ. ಇದು ನಮ್ದೇ ಆಗಿರ್ಬೇಕು."

ಬಾಗಿಲಲ್ಲಿ ಈಗ ಯಾರೂ ನಗಲಿಲ್ಲ. ಮಾರ್ಗೋ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಹೆಚ್ಚಿನ ಪಾಲು ಕೊಡಲ್ವಾ?"

"ಇಲ್ಲ ಮೇಡಂ." ದನಿ ಎಷ್ಟು ಸಣ್ಣಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. "ಇಲ್ಲ."

ಕೋಕುಮ್ ಎದ್ದು ಪ್ರಾರ್ಥನೆ ಶುರುಮಾಡಿದಳು. ಚಿಕ್ಕದಾಗಿರಲಿ ಎಂದು ಬೆಳಿಗ್ಗೆ ಡೆಲ್ಮರ್ ಕೇಳಿಕೊಂಡಿದ್ದ. ಟೀ ಎಲ್ಲ ಆರಿ ತಣ್ಣಗಾಯಿತು. ಕಣ್ಣು ಬಿಟ್ಟಾಗ ಮೇಡಂ ಎದ್ದು ಹೋಗಿರುತ್ತಾರೆ ಎಂದುಕೊಂಡಿದ್ದ. ಅವರು ಅಲ್ಲೇ ಕೂತಿದ್ದರು.

"ಅರ್ಧಕ್ಕಿಂತ ಕಡಿಮೆ ಅಂದ್ರೆ ಎಷ್ಟು, ಡೆಲ್ಮರ್ ಅವರೇ?"

ಡೆಲ್ಮರ್ ಟೈ ಬಿಚ್ಚಿ ಮೇಜಿನ ಮೇಲಿಟ್ಟ. "ಮೊದ್ಲು ಟೀ ಬಿಸಿ ಮಾಡ್ತೀನಿ ಮೇಡಂ. ಕೂತು ಮಾತಾಡೋಣ."

ಕೋಕುಮ್ ಮೇಡಂ ಕೊಟ್ಟ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು. ಡೊಂಕು ಸಿಗರೇಟನ್ನು ಮಾತ್ರ ಕಿವಿಯ ಮೇಲೆ ಸಿಕ್ಕಿಸಿಕೊಂಡು, ಮೊಮ್ಮಗನ ಬೆನ್ನಿಗೊಂದು ಗುದ್ದಿದಳು.

"ಮುಂದಿನ ಸಲ ಪೊಟ್ಟಣಾನೇ ತಾರೋ, ಜಿಪುಣಾ."