ನಾಲ್ಕನೆಯ ಹಾಳೆ

ಕೆಳಗಿನ ಹಲ್ಲಿನ ಸೆಟ್ಟು ಸಡಿಲವಾಗಿದೆ, ‘ಸ’ ಬಂದಾಗಲೆಲ್ಲ ಒಂದು ಸಣ್ಣ ಸಿಳ್ಳೆ, ಸಂಜೆ ಅನ್ನುವಾಗ, ಸೇತುವೆ ಅನ್ನುವಾಗ, ಬೇರೆ ಯಾರಿಗೂ ಕೇಳಿಸುತ್ತಿಲ್ಲ, ಹದಿನೆಂಟು ವರ್ಷ ಜನರ ಬಾಯಿಗೆ ಹಲ್ಲು ಮಾಡಿಕೊಟ್ಟವಳ ಕಿವಿಗೆ ಮಾತ್ರ ಕೇಳಿಸುತ್ತದೆ — ಔಷಧಿ ಅಂಗಡಿಯವರೇ, ಒಂದು ದಿನ ಲ್ಯಾಬಿಗೆ ಬನ್ನಿ, ಅರ್ಧ ಗಂಟೆ ಕೆಲಸ, ಕೂರಿಸಿ ಕೊಡುತ್ತೇನೆ ಅಂತ ಹೇಳಬೇಕು, ಎರಡು ವರ್ಷದಿಂದ ಹೇಳಬೇಕು ಅಂದುಕೊಳ್ಳುತ್ತಿದ್ದೇನೆ, ಹೇಳಿಲ್ಲ. ಅವರು ಓದುತ್ತಿರುವುದು ಯಾರದೋ ಕಥೆ, ಯಾರದು ಅಂತ ಕೇಳುವ ಹಾಗಿಲ್ಲ, ಇಲ್ಲಿಯ ನಿಯಮ ಅದು, ಹೆಸರಿಲ್ಲದ ಹಾಳೆಗಳು ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಒಂದೇ ಥರದ ಅಕ್ಷರದಲ್ಲಿ ಟೈಪಾಗಿ ಬಂದು ಟೀಚರಮ್ಮನ ಬಿಸ್ಕತ್ತಿನ ಡಬ್ಬಿಗೆ ಬೀಳಬೇಕು, ಕೈಗೆ ಸಿಕ್ಕಿದ್ದನ್ನು ಬೇರೊಬ್ಬರು ಓದಬೇಕು, ಆಮೇಲೆ ಸುತ್ತು ಬಂದ ಹಾಗೆ ಒಬ್ಬೊಬ್ಬರೂ ಅನ್ನಿಸಿದ್ದು ಹೇಳಬೇಕು, ಬರೆದವರು ಮಾತ್ರ ತುಟಿ ಬಿಚ್ಚಬಾರದು, ಎಲ್ಲರೂ ಹೇಳಿ ಮುಗಿದ ಮೇಲೆ ಮಾತಾಡದೆ ಉಳಿದವರು ಯಾರೋ ಅವರದೇ ಆ ಹಾಳೆ, ಆಗ ಬೇಕಿದ್ದರೆ ಬಾಯಿ ಬಿಡಬಹುದು, ಬೇಡವಾದರೆ ನಕ್ಕು ಟೀ ಕುಡಿಯಬಹುದು. ಏಳು ಜನ, ಏಳು ಪ್ಲಾಸ್ಟಿಕ್ ಕುರ್ಚಿ, ನಾಲ್ಕು ತಿಂಗಳು ಆರೇ ಇದ್ದೆವು, ಇವತ್ತು ಮತ್ತೆ ಏಳು, ಯಾಕೆಂದರೆ ಕಿಟಕಿ ಪಕ್ಕ ಮೀಟರಿನವರು ಕೂತಿದ್ದಾರೆ, ಮನೆಮನೆಗೆ ಹೋಗಿ ನೀರಿನ ಮೀಟರ್ ಬರೆದುಕೊಳ್ಳುವವರು, ಇಸ್ತ್ರಿ ಮಾಡಿದ ಅಂಗಿ, ಕಬ್ಬಿಣದ ಮುಚ್ಚಳ ಎತ್ತಿ ಎತ್ತಿ ಉಗುರು ಕಪ್ಪಾದ ಹೆಬ್ಬೆರಳು, ಎರಡೂ ಕೈ ಮೊಣಕಾಲಿನ ಮೇಲೆ — ನೋಡಬಾರದು, ಆ ಕೈ ನೋಡಬಾರದು, ಡಬ್ಬಿ ನೋಡು, ಡಬ್ಬಿಯಲ್ಲಿ ಇನ್ನೊಂದೇ ಹಾಳೆ ಉಳಿದಿದೆ, ಅದನ್ನು ಹಾಕಿದವಳು ನಾನು, ಬರೆದವರು ಅವರು.

ಬೆಳಿಗ್ಗೆ ಟೀಚರಮ್ಮ ಫೋನ್ ಮಾಡಿದ್ದರು, ನೋಡಮ್ಮಾ, ನಿನ್ನೆ ಮೀಟರ್ ನೋಡೋಕೆ ನಮ್ಮನೆಗೇ ಬಂದಿದ್ರು, ಯಾಕಪ್ಪಾ ಬರೋದೇ ಬಿಟ್ರಿ ಅಂದೆ, ಬರೆಯೋದೇ ಬಿಟ್ಟಿದ್ದೀನಿ ಮೇಡಂ, ನಮ್ಮಂಥೋರಿಗಲ್ಲ ಅದು ಅಂದ್ರು, ಕೈ ಹಿಡಿದು ಕೇಳಿಕೊಂಡಿದ್ದೀನಿ, ಒಂದು ಸಲ ಬಂದು ಸುಮ್ಮನೆ ಕೂತು ಹೋಗಿ ಅಂತ, ನೀನೂ ಬೇಗ ಬಾ, ಆವತ್ತು ನಾವೇ ಸ್ವಲ್ಪ ಮೆತ್ತಗೆ ಹೇಳಬೇಕಿತ್ತು ಅಲ್ವಾ — ನಾವೇ, ಅಂದರು, ಆ ‘ನಾವು’ ಅನ್ನುವುದರೊಳಗೆ ನನ್ನನ್ನೂ ಸೇರಿಸಿಕೊಂಡರು ಪುಣ್ಯಾತ್ಗಿತ್ತಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಫೋನಿಟ್ಟು ಹೋಗಿ ಬೀರು ತೆರೆದೆ, ಸೀರೆಗಳ ಅಡಿಯಲ್ಲಿ ಹಾಳೆ ಹಾಗೇ ಇತ್ತು. ಎಲ್ಲಿಗೆ ಹೊರಟೆ, ಅಂದರು ನಮ್ಮ ಮನೆಯವರು, ಮನೇಲೂ ಬಾಯಿ ಬಿಡಲ್ಲ, ಅಲ್ಲೂ ಬಿಡಲ್ಲ, ಇಲ್ಲೇ ಕೂತಿದ್ರೆ ಮೆಟ್ಟಿಲು ಹತ್ತೋ ಕಷ್ಟನಾದ್ರೂ ತಪ್ಪುತ್ತೆ — ಪಾಪ, ತಮಾಷೆಗೆ ಅಂದಿದ್ದು, ಚಿಕ್ಕಂದಿನಿಂದ ಕೇಳಿಕೊಂಡು ಬಂದ ತಮಾಷೆ ಅದು, ಅಕ್ಕ ನನ್ನನ್ನು ಮೂಗಿ ಅನ್ನುತ್ತಿದ್ದಳು, ಅಮ್ಮ ನೆಂಟರ ಮುಂದೆ, ಇವಳ ಬಾಯಲ್ಲಿ ಮುತ್ತಿದೆ, ಬಿಟ್ಟರೆ ಉದುರಿಹೋಗುತ್ತೆ ಅನ್ನುತ್ತಿದ್ದಳು, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಬಾಯಿ ಮುಚ್ಚಿಕೊಂಡೇ. ಅದಕ್ಕೇ ಇರಬೇಕು ಈ ಕೆಲಸ ಹಿಡಿದದ್ದು, ಪ್ಲಾಸ್ಟರಿನ ದವಡೆಗಳು ಎದುರಿಗೆ ಸಾಲಾಗಿ ಬಾಯಿ ತೆರೆದು ಕೂತಿರುತ್ತವೆ, ಒಂದೂ ಪ್ರಶ್ನೆ ಕೇಳುವುದಿಲ್ಲ, ಮೇಣ ಕರಗಿಸುತ್ತಾ ಆರ್ಡರ್ ಚೀಟಿಗಳ ಹಿಂಬದಿಯಲ್ಲಿ ಎಂಟು ವರ್ಷ ಗೀಚಿದೆ, ಯಾರಿಗೂ ತೋರಿಸದೆ, ಬೇರೆ ಕಡೆ ಎರಡು ಮೂರು ಸಭೆಗಳಿಗೆ ಹೋಗಿ ನೋಡಿದೆ, ಅಲ್ಲಿ ಮೈಕು, ಅಲ್ಲಿ ನಿಮ್ಮ ಪರಿಚಯ ಹೇಳಿ ಮೇಡಂ, ಜೋರಾಗಿ, ಹಿಂದಿನವರಿಗೆ ಕೇಳಿಸಲಿ — ಬೆವರಿ ನೀರಾಗಿ ಎದ್ದು ಬಂದೆ. ಇಲ್ಲಿ ಮೊದಲ ದಿನ ಟೀಚರಮ್ಮ ಕೇಳಿದ್ದು ಒಂದೇ ಮಾತು, ಸಕ್ಕರೆ ಎಷ್ಟಮ್ಮಾ? ಒಂದು ಬೆರಳು ತೋರಿಸಿದೆ, ಮುಗಿಯಿತು, ಆಮೇಲೆ ನನ್ನ ಹಾಳೆಯನ್ನು ಯಾರೋ ಓದಿದರು, ನನ್ನ ವಾಕ್ಯಗಳು ಇನ್ನೊಬ್ಬರ ಗಂಟಲಿನಿಂದ ಬಂದವು, ಎಲ್ಲರೂ ಹೇಳಿ ಮುಗಿಸಿ ಮಾತಾಡದೆ ಉಳಿದವಳ ಕಡೆ ತಿರುಗಿ ನಕ್ಕರು, ಜೀವಮಾನದಲ್ಲಿ ಮೊದಲ ಸಲ ನಾನು ಸುಮ್ಮನಿದ್ದದ್ದು ತಪ್ಪಾಗಲಿಲ್ಲ, ಅದೇ ನನ್ನ ಸಹಿಯಾಯಿತು. ಬಚ್ಚಲಿಗೆ ಹೋಗಿ ಅತ್ತೆ. ಹೋದ ವರ್ಷ ಅಮ್ಮ ಹೋದಾಗ ಆರೂ ಜನ ಬಂದಿದ್ದರು, ನೆಂಟರೆಲ್ಲ ಹೇಗಾಯ್ತು ಎಷ್ಟೊತ್ತಿಗಾಯ್ತು ಅಂತ ಪೀಡಿಸುತ್ತಿದ್ದಾಗ ಇವರು ಗೋಡೆಗೊರಗಿ ಒಂದು ಗಂಟೆ ಸುಮ್ಮನೆ ಕೂತು ಎದ್ದು ಹೋದರು, ಮೀಟರಿನವರೂ ಬಂದಿದ್ದರು, ಹೋಗುವಾಗ ಹಿತ್ತಲಲ್ಲಿ ಸೋರುತ್ತಿದ್ದ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ಹೋದರು, ಅಷ್ಟೇ, ಅಂಥ ಜನ. ಅಂಥ ಜನರಿಗೆ ನಾನು ಮಾಡಿದ್ದು.

ಹಾಳೆಗಳು ಅಂಟಿಕೊಂಡಿದ್ದವು — ಎಷ್ಟೋ ದಿನ ಹೀಗೆ ಹೇಳಿಕೊಂಡೆ, ಮೇಣದ ಕೈ, ಅಂಟಿರುತ್ತದೆ, ಮೂರನೆಯದರ ಜೊತೆ ನಾಲ್ಕನೆಯದೂ ಮಗುಚಿಹೋಯಿತು, ಸುಳ್ಳು, ಆವತ್ತು ಭಾನುವಾರ, ಲ್ಯಾಬಿಗೆ ರಜ, ಕೈ ತೊಳೆದು ಬಂದಿದ್ದೆ. ಡಬ್ಬಿಯಿಂದ ನನ್ನ ಪಾಲಿಗೆ ಬಂದದ್ದು ನಾಲ್ಕು ಹಾಳೆ, ಒಬ್ಬ ಮನುಷ್ಯ ಮನೆ ಮನೆಯ ಗೇಟಿನ ಹತ್ತಿರ ಬಗ್ಗಿ ಮೀಟರ್ ನೋಡುತ್ತಾನೆ, ಇಪ್ಪತ್ತಮೂರನೇ ನಂಬರಿನಲ್ಲಿ ಮಗು ಹುಟ್ಟಿದೆ, ನೀರು ಎರಡರಷ್ಟು, ಮೂವತ್ತರಲ್ಲಿ ಯಾರೋ ಬೇರೆ ಹೋಗಿದ್ದಾರೆ, ನೀರು ಇಳಿದಿದೆ, ಹೀಗೇ ಮೂರು ಹಾಳೆ, ಕೊನೆಗೆ ಅವನು ತನ್ನ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಮೂರನೆಯದು ಅಲ್ಲಿಗೆ ಮುಗಿಯುತ್ತದೆ, ಉಸಿರೆಳೆದುಕೊಳ್ಳುವಾಗ ನನ್ನ ಕಣ್ಣು ಮುಂದೋಡಿ ನಾಲ್ಕನೆಯದನ್ನು ಓದಿಬಿಟ್ಟಿತು, ಹದಿನಾಲ್ಕು ಸಾಲು, ಇದನ್ನು ಓದಿದರೆ ಅಳುತ್ತೇನೆ, ಆರು ಜನ ನನ್ನ ಮುಖ ನೋಡುತ್ತಾರೆ, ಆಗಲ್ಲ, ನನ್ನ ಕೈಲಿ ಆಗಲ್ಲ — ಇದು ಎರಡನೆಯ ಸುಳ್ಳು, ಇದನ್ನು ಇನ್ನೂ ಹೆಚ್ಚು ದಿನ ನಂಬಿದೆ, ನಾಚಿಕೆಯವಳು, ಸಂಕೋಚದವಳು, ಪಾಪ, ನಾಚಿಕೆ ಅನ್ನುವುದು ಎಷ್ಟು ಒಳ್ಳೆಯ ಹೊದಿಕೆ, ಅದರಡಿಯಲ್ಲಿ ಏನು ಬೇಕಾದರೂ ಮುಚ್ಚಿಡಬಹುದು. ಅಮ್ಮನ ಬಗ್ಗೆ ಹನ್ನೊಂದು ಸಲ ಬರೆದು ಹರಿದಿದ್ದೆ, ಅಮ್ಮನ ಕನ್ನಡಕ, ಅಮ್ಮನ ಚಪ್ಪಲಿ, ಅಮ್ಮನ ಮುತ್ತಿನ ಮಾತು, ಒಂದೂ ನಿಲ್ಲಲಿಲ್ಲ, ಈ ಮನುಷ್ಯ, ತಿಂಗಳಿಗೆ ಸಾವಿರ ಮನೆ ಸುತ್ತುವವನು, ಒಂದು ಬಕೆಟ್ ನೀರಿಟ್ಟು ಹದಿನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾನೆ, ಹೊಟ್ಟೆ ಉರಿಯಿತು. ಹೌದು. ಉರಿಯಿತು. ಹಾಳೆಯನ್ನು ತೊಡೆಯ ಮೇಲಿನ ಚೀಲದೊಳಗೆ ಜಾರಿಸಿ, ಮುಗೀತು ಅಂದೆ. ಇಪ್ಪತ್ತು ತಿಂಗಳಲ್ಲಿ ಆ ಕೋಣೆಯಲ್ಲಿ ನಾನು ಅಷ್ಟು ಸ್ಪಷ್ಟವಾಗಿ ಒಂದು ಮಾತು ಆಡಿರಲಿಲ್ಲ. ಆಗ ಕಿಟಕಿ ಪಕ್ಕದ ಕೈ ಮೇಲೆದ್ದಿತು, ಮೊಣಕಾಲಿನಿಂದ ನಾಲ್ಕು ಬೆರಳಿನಷ್ಟು, ಕಪ್ಪು ಹೆಬ್ಬೆರಳು, ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ನಿಯಮ ನೆನಪಾಯಿತೋ ಏನೋ, ಮತ್ತೆ ಮೊಣಕಾಲಿಗೇ ಇಳಿಯಿತು. ಔಷಧಿ ಅಂಗಡಿಯವರು, ಇದೇನ್ರೀ ಇದು, ಬರೀ ಮನೆ ನಂಬರು, ಸ್ಟಾಕ್ ಲಿಸ್ಟ್ ಓದಿದ ಹಾಗಾಯ್ತಲ್ಲ ಅಂದರು, ಎಲ್ಲರೂ ನಕ್ಕರು, ಟೀಚರಮ್ಮ, ಬಾಗಿಲ ತನಕ ಕರೆದುಕೊಂಡು ಬಂದು ಒಳಗೆ ಕರೀಲೇ ಇಲ್ಲವಲ್ಲ ಅಂದರು, ನಾನು, ಓದಿದವಳು, ನನಗೂ ಹಾಗೇ ಅನ್ನಿಸಿತು ಅಂದೆ — ಅಂದೆನಾ, ಅಂದೆ. ಸುತ್ತು ಮುಗಿದ ಮೇಲೆ ಮೀಟರಿನವರು ಹೇಳಬಹುದಿತ್ತು, ಇನ್ನೊಂದು ಹಾಳೆ ಇತ್ತು ಮೇಡಂ, ಅಂತ, ಕೇಳಿದರು ಕೂಡ ಟೀಚರಮ್ಮ, ಮುಂದೆ ಏನಾದರೂ ಇದೆಯಾ ಅಂತ, ಅವರು ನನ್ನ ಮುಖ ನೋಡಿ, ಇಲ್ಲ ಮೇಡಂ, ಅಷ್ಟೇ ಇದ್ದಿದ್ದು ಅಂದರು, ಯಾಕೆ ಹಾಗೆ ಅಂದರು ಅಂತ ಬೇರೆ ಯಾರಾದರೂ ತಲೆ ಕೆಡಿಸಿಕೊಳ್ಳಬೇಕು, ನನಗೆ ಗೊತ್ತು, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಓದುವವಳಿಗೇ ಓದಲು ಯೋಗ್ಯ ಅನ್ನಿಸಲಿಲ್ಲ, ಹಾಗಾದರೆ ಇಲ್ಲದಿದ್ದರೇ ವಾಸಿ, ನಮ್ಮಂಥವರ ಲೆಕ್ಕವೇ ಹಾಗೆ, ನಮ್ಮನ್ನು ಹೊಡೆಯಲು ಕೋಲು ಬೇಕಿಲ್ಲ, ಸುಮ್ಮನೆ ಒಂದು ಹಾಳೆ ಮಗುಚಿದರೆ ಸಾಕು. ಅದನ್ನು ತಿಳಿದವಳೇ ಮಾಡಿದ್ದು.

ಇವತ್ತಿನ ಉಪಾಯ ಎಷ್ಟು ಚೆನ್ನಾಗಿತ್ತು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಹಾಳೆ ಡಬ್ಬಿಗೆ ಬೀಳುತ್ತದೆ, ಯಾರೋ ಓದುತ್ತಾರೆ, ಸುತ್ತು ಬರುತ್ತದೆ, ನನ್ನ ಸರದಿಯಲ್ಲಿ ನಾನು ಚೆನ್ನಾಗಿದೆ ಅನ್ನುತ್ತೇನೆ, ಒಂದೇ ಪದ, ಉಳಿಯುವವರು ಮೀಟರಿನವರೊಬ್ಬರೇ, ಎಲ್ಲರೂ ಅವರ ಕಡೆ ತಿರುಗುತ್ತಾರೆ, ಹಾಳೆ ಮನೆ ಸೇರುತ್ತದೆ, ಹೇಗೆ ಬಂತು ಅಂತ ಯಾರಾದರೂ ಕೇಳಿದರೆ ಎಲ್ಲೋ ಕುರ್ಚಿಯಡಿ ಸಿಕ್ಕಿರಬೇಕು, ನಾನು ಬಾಯಿ ಬಿಡುವುದೇ ಬೇಡ, ನನ್ನ ಕುರ್ಚಿ ನನಗೆ ಉಳಿಯುತ್ತದೆ. ಈಗ ಟೀಚರಮ್ಮ ಡಬ್ಬಿಗೆ ಕೈ ಹಾಕಿದ್ದಾರೆ, ಕನ್ನಡಕ ಏರಿಸಿದ್ದಾರೆ, ಓದುತ್ತಿದ್ದಾರೆ, ಮನೆಯಲ್ಲಿ ಈಗ ನೀರು ಉಳಿಯುತ್ತದೆ, ಆಕೆ ಇದ್ದಾಗ ನಾಲ್ಕು ಬಕೆಟ್ಟೂ ಸಾಲುತ್ತಿರಲಿಲ್ಲ, ನಲ್ಲಿ ನಿಲ್ಲಿಸು ಅಂತ ದಿನಾ ಜಗಳವಾಡುತ್ತಿದ್ದೆ, ಈಗಲೂ ಬೆಳಿಗ್ಗೆ ಎರಡು ಬಕೆಟ್ ತುಂಬುತ್ತೇನೆ, ಒಂದು ಹಾಗೇ ಉಳಿಯುತ್ತದೆ, ಸಂಜೆ ಅದನ್ನು ಚೆಲ್ಲುತ್ತೇನೆ, ಬೆಳಿಗ್ಗೆ ಮತ್ತೆ ತುಂಬುತ್ತೇನೆ — ಟೀಚರಮ್ಮನ ಧ್ವನಿ ನಿಂತಿತು, ಮತ್ತೆ ಹೊರಟಿತು, ಯಾರೂ ಕುರ್ಚಿ ಅಲ್ಲಾಡಿಸುತ್ತಿಲ್ಲ, ನನ್ನ ಕೆನ್ನೆ ಒದ್ದೆ, ಒರೆಸಿಕೊಳ್ಳಲು ಕೈ ಬರುತ್ತಿಲ್ಲ, ಮೀಟರಿನವರ ಕಡೆ ನೋಡಿದೆ, ಅವರು ನನ್ನನ್ನೇ ನೋಡುತ್ತಿದ್ದರು, ಸಿಟ್ಟಿಲ್ಲ, ಗೊತ್ತಾಯಿತು ಅನ್ನುವ ಹಾಗೆ, ಹಾಳೆ ಎಲ್ಲಿತ್ತು ಅಂತ ಈಗ ಗೊತ್ತಾಯಿತು ಅನ್ನುವ ಹಾಗೆ. ಸುತ್ತು ಶುರುವಾಯಿತು. ಔಷಧಿ ಅಂಗಡಿಯವರು ಹಲ್ಲಿನ ಸೆಟ್ಟನ್ನು ನಾಲಗೆಯಲ್ಲಿ ಒತ್ತಿಕೊಂಡು, ಏನ್ ಹೇಳ್ಲಿ, ಈ ಡಬ್ಬಿಗೆ ಇಂಥದ್ದು ಬಿದ್ದೇ ಇರಲಿಲ್ಲ ಅಂದರು, ಸ್ಟಾಕ್ ಲಿಸ್ಟ್ ಅಂದ ಅದೇ ಬಾಯಿ, ಒಬ್ಬರಿಗೂ ಆ ಮೂರು ಹಾಳೆ ನೆನಪಿಲ್ಲ, ಆವತ್ತು ನಕ್ಕು ಟೀ ಕುಡಿದು ಮರೆತರು, ಒಬ್ಬರಾದ ಮೇಲೆ ಒಬ್ಬರು, ಉಳಿದ ಮೂವರೂ ಹೇಳಿದರು, ಈಗ ನನ್ನ ಸರದಿ, ಚೆನ್ನಾಗಿದೆ, ಚೆನ್ನಾಗಿದೆ, ಹೇಳು, ಒಂದೇ ಪದ, ಹೇಳೇ ಮೂಗಿ — ಬಾಯಿ ತೆರೆದೆ, ಗಾಳಿ ಬಂತು, ಅಷ್ಟರಲ್ಲಿ ಟೀಚರಮ್ಮ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು, ಬೇಡಮ್ಮಾ, ನೀನೇನೂ ಹೇಳಬೇಡ, ಗೊತ್ತಾಯ್ತು ನಮಗೆ, ಅಮ್ಮನ ಬಗ್ಗೆ ಬರೀಬೇಕು ಅಂತ ಎಷ್ಟು ದಿನದಿಂದ ಒದ್ದಾಡ್ತಿದ್ದೆ ಅಂತ ನನಗೆ ಗೊತ್ತಿಲ್ವಾ, ಕೊನೆಗೂ ಬರೆದೆಯಲ್ಲ, ಅಂದರು, ಇಲ್ಲ ಅನ್ನಬೇಕು, ಇಲ್ಲ, ಯಾರೋ ಚಪ್ಪಾಳೆ ತಟ್ಟಿದರು, ಇಲ್ಲಿ ಯಾವತ್ತೂ ಚಪ್ಪಾಳೆ ತಟ್ಟುವುದಿಲ್ಲ, ಮೀಟರಿನವರು ಇನ್ನೂ ಹೇಳಿಲ್ಲ ಅಂತ ಯಾರೋ ನೆನಪಿಸಿದರು, ಟೀಚರಮ್ಮ, ಅವರನ್ನು ಬಿಡಿ, ಇವತ್ತು ತಾನೇ ಮತ್ತೆ ಬಂದಿದ್ದಾರೆ, ಬಲವಂತ ಬೇಡ ಅಂದರು, ಎಷ್ಟು ಒಳ್ಳೆಯವರು, ಯಾರನ್ನೂ ಬಲವಂತ ಮಾಡದವರು, ಈ ಊರಿನಲ್ಲಿ ನನಗೆ ಸಿಕ್ಕ ಒಂದೇ ಮನೆಯಂಥ ಮನೆ, ಹೆಗಲ ಮೇಲಿನ ಕೈ ಬೆಚ್ಚಗಿದೆ, ಅದನ್ನು ಸರಿಸಿ ಹೇಳಬೇಕು, ಇದು ಕದ್ದದ್ದು, ಆವತ್ತೇ ಒಂದು ಸಲ ಕದ್ದದ್ದು, ಈಗ ಹೇಳದಿದ್ದರೆ ಎರಡನೆಯ ಸಲ, ಇಬ್ಬರು ಮಾತಾಡಿಲ್ಲ, ಒಬ್ಬರು ಬರೆದವರು, ಒಬ್ಬಳು ಕಳ್ಳಿ, ಇಬ್ಬರ ಮೌನವೂ ಒಂದೇ ಥರ ಕಾಣುತ್ತಿದೆ, ಟೀ ಲೋಟಗಳು ಬರುತ್ತಿವೆ, ಸಕ್ಕರೆ ಒಂದು ಚಮಚ, ಕೇಳುವುದೂ ಬೇಡ ಅವರಿಗೆ, ಗೊತ್ತು, ಮೀಟರಿನವರು ಏಳಬಹುದು, ಇದು ನನ್ನದು ಅನ್ನಬಹುದು, ಆದರೆ ಎಲ್ಲರೂ ಹೇಳಿ ಮುಗಿಯುವವರೆಗೆ ಬರೆದವರು ಮಾತಾಡುವ ಹಾಗಿಲ್ಲ, ನಾನಿನ್ನೂ ಹೇಳಿಲ್ಲ, ನಾನು ಹೇಳುವವರೆಗೆ ಅವರು ಕಾಯುತ್ತಾರೆ, ನಿಯಮ ಪಾಲಿಸುವ ಮನುಷ್ಯ, ಕಾಯುತ್ತಲೇ ಇರುತ್ತಾರೆ, ನೋಡಬಾರದು, ನೋಡಿದೆ, ಕೈ, ಕಪ್ಪು ಹೆಬ್ಬೆರಳು, ಮೊಣಕಾಲಿನ ಮೇಲೆ, ಈ ಸಲ ನಾಲ್ಕು ಬೆರಳಿನಷ್ಟೂ ಇಲ್ಲ, ಒಂದು ಬೆರಳಿನಷ್ಟೂ ಇಲ್ಲ, ಏಳು, ಏಳಪ್ಪಾ, ಆ ಕೈ — ಆ ಕೈ ಏಳುತ್ತಿಲ್ಲ —